ಘಟಪ್ರಭೆಯ ಸೀಮೆಯ ಆಟವೂ ಕಿಳ್ಳೇಕ್ಯಾತನೂ

ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಪ್ರೇರಣಾರ್ಥಕ ಪ್ರತ್ಯಯವನ್ನು ವಿಧಿಸುವ ಒಂದು ಚಿಕ್ಕ ಸೂತ್ರವಿರುವುದು. ಕ್ರಿಸ್ತಪೂರ್ವ ಎರಡನೆಯ ಶತಮಾನದವನಾದ ಪತಂಜಲಿಯು ಅದರ ಮೇಲೆ ಭಾಷ್ಯವನ್ನು ಬರೆಯುತ್ತ ಒಂದು ವಿಚಿತ್ರವಾದ ಶಂಕೆಯನ್ನೆತ್ತಿರುವನು. ಕಂಸನು ಸತ್ತು ಎಷ್ಟೋ ಕಾಲವಾಯಿತು. ಬಲಿಯು ಬಂಧಿತನಾದುದೂ ಬಹು ಹಿಂದಿನ ಮಾತು. ಹೀಗಿದ್ದೂ ಜನರು ಕಂಸನನ್ನು ಕೊಲ್ಲಿಸುತ್ತಾರೆಂದೂ ಬಲಿಯನ್ನು ಕಟ್ಟಿಸುತ್ತಾರೆಂದೂ ವರ್ತಮಾನಕಾಲದಲ್ಲಿಯೇ ಆಡುವರಲ್ಲ, ಇದು ಸಾಧುವಾಗುವ ಬಗೆ ಹೇಗೆ? ವೈಯಾಕರಣನಿಗೆ ಇದು ಸಣ್ಣ ತೊಡಕಲ್ಲ. ಪತಂಜಲಿಯ ಸಮಾಧಾನವು ಮೂರು ಬಗೆಯದು. ಶೋಭನಿಕರೆಂಬವರು ಕಣ್ಣೆದುರಿಗೇ ಕಂಸನನ್ನು ಕೊಲ್ಲಿಸುವರು, ಬಲಿಯನ್ನು ಕಟ್ಟಿಸುವರು. ಚಿತ್ರಗಳಲ್ಲಿಯೂ ಎತ್ತಿದ ಪೆಟ್ಟು, ಬಿದ್ದ ಪೆಟ್ಟು, ಕಂಸನನ್ನು ಎಳೆದಾಡುವುದು ಇವೆಲ್ಲ ಕಾಣುವುವು. ಗ್ರಂಥಿಕರು ಬರಿಯ ಮಾತಿನಿಂದಲೇ ಆ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುವವರ ಮನಸ್ಸಿನಲ್ಲಿ ನಡೆಯಿಸುವರು. ಅಲ್ಲಿ ಕೆಲವರು ಕಂಸನ ಕಡೆಯವರು, ಕೆಲವರು ವಾಸುದೇವನ ಕಡೆಯವರು. ಒಬ್ಬರ ಮೋರೆ ಕೆಂಪು, ಮತ್ತೊಬ್ಬರದು ಕಪ್ಪು. ಜನರ ಆಡುಮಾತಿನಲ್ಲಿ ಮೂರು ಕಾಲಗಳೂ ಸಲ್ಲುವುವೆಂದು ಅವನು ತೋರಿಸುತ್ತಾನೆ. ಒಬ್ಬನು ಬೇಗ ನಡೆ, ಕಂಸವಧೆ ನಡೆದಿದೆ ಎಂದು ಅವಸರಪಡಿಸುವನು. ಇನ್ನೊಬ್ಬನು ಇನ್ನು ಮೇಲೆ ಆಗತಕ್ಕದ್ದು, ಹೊರಡು ಎನ್ನುವನು. ಮೂರನೆಯವನು ಅದೆಲ್ಲ ಮುಗಿಯಿತು, ಹೋಗಿ ಫಲವೇನೆಂದು ಮನೆಯಲ್ಲಿಯೇ ಕೂಡ್ರುವನು.

ಈ ಶೋಭನಿಕರು ಯಾರೆಂಬ ವಿಷಯದಲ್ಲಿ ಪಂಡಿತರು ಬಹಳ ಶ್ರಮಪಟ್ಟಿರುವರು. ಜರ್ಮನಿಯ ಲ್ಯೂಡರ್ಸನು 1916ರಲ್ಲಿ ಪ್ರಕಟಿಸಿದ ಒಂದು ದೀರ್ಘ ಲೇಖನದಲ್ಲಿ, ಇವರು ಮೂಕಾಭಿನಯದವರ ಅಥವಾ ನೆರಳುಗೊಂಬೆಗಳ ಪ್ರದರ್ಶನಕ್ಕೆ ಅರ್ಥ ಹೇಳುವವರಾಗಿರಬೇಕೆಂದು ವಾದಿಸಿದನು. ಎಡಿನ್‌ಬರೋದ ಕೀಥನು 1924ರ ತನ್ನ ಸಂಸ್ಕೃತ ನಾಟಕದ ಗ್ರಂಥದಲ್ಲಿ ಅದನ್ನು ಒಪ್ಪಲಿಲ್ಲ. ಕೆಂಪು ಕಪ್ಪು ಮೋರೆಗಳು ಆಡುವವರವೋ ನೋಡುವವರವೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಇವರೆಲ್ಲರಿಗಿಂತ ಎಷ್ಟೋ ಶತಮಾನಗಳ ಮೊದಲೇ ಕಾಶ್ಮೀರದ ಕೈಯಟನು ಮಹಾಭಾಷ್ಯಕ್ಕೆ ಟೀಕೆ ಬರೆಯುವಾಗ ಬೇರೊಂದು ಅರ್ಥವನ್ನು ಕೊಟ್ಟಿದ್ದನು: ಶೋಭನಿಕರೆಂದರೆ ಕಂಸಾದಿಗಳನ್ನು ಅನುಕರಿಸುವ ನಟರಿಗೆ ಕಲಿಸುವ ಉಪಾಧ್ಯಾಯರು. ಯುರೋಪಿನ ವಿದ್ವಾಂಸರಲ್ಲಿ ಕೆಲವರು ಈ ಮಾತನ್ನು ಹಗುರಾಗಿ ಕಂಡರು. ಬೆಳಗಾವಿ ಜಿಲ್ಲೆಯ ಯಾವುದಾದರೂ ಒಂದು ಹಳ್ಳಿಯಲ್ಲಿ ಸುಗ್ಗಿ ತೀರಿದ ಮೇಲೆ ನಡೆಯುವ ತಾಲೀಮನ್ನು ಅವರು ಒಂದು ರಾತ್ರಿ ನೋಡಿದ್ದರೆ ಕೈಯಟನನ್ನು ಅಷ್ಟು ಬೇಗನೆ ಬದಿಗಿಡುತ್ತಿರಲಿಲ್ಲ. ಅಲ್ಲಿ ಕಂದೀಲಿನ ಮುಂದೆ ಕೈಬರೆಹದ ವಹಿಯನ್ನು ಹಿಡಿದು ಕುಳಿತ ಆಟದ ಮಾಸ್ತರನು ಅಕ್ಷರಶಃ ಕಂಸನನ್ನು ಕೊಲ್ಲಿಸುತ್ತಿರುತ್ತಾನೆ. ಪ್ರೇರಣಾರ್ಥಕ ಪ್ರತ್ಯಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಪತಂಜಲಿಯ ಮೂರು ಬಗೆಗಳೂ, ಎಂದರೆ ವೇಷ ಧರಿಸಿ ಆಡುವವರು, ಬರೆದ ಚಿತ್ರವನ್ನು ಆಡಿಸುವವರು, ಬರಿಯ ಮಾತಿನಲ್ಲಿ ಕಥೆ ಹೇಳುವವರು, ಹುಕ್ಕೇರಿ ತಾಲೂಕಿನ ಘೋಡಗೇರಿಯ ಸುತ್ತಲಿನ ಸೀಮೆಯಲ್ಲಿ ಇತ್ತೀಚಿನವರೆಗೂ ಕೂಡಿ ಬಾಳಿದರು. ಸಹ್ಯಾದ್ರಿಯಿಂದ ಇಳಿದು ಬರುವ ಘಟಪ್ರಭೆಯು ಗೋಕಾವಿಯ ಹತ್ತಿರ ಸುಮಾರು 170 ಅಡಿ ಧುಮುಕಿ ಮುಂದಿನ ಬಯಲಿಗೆ ಹರಿಯುವುದು. ಈ ನಾಡು 1956ರ ನವೆಂಬರದವರೆಗೆ ಮುಂಬಯಿ ರಾಜ್ಯದೊಳಗಿತ್ತು. ಮಹಾರಾಷ್ಟ್ರದ ಲಾವಣಿ ತಮಾಷೆಗಳ ಗಾಳಿ ಇತ್ತ ಬೀಸಿದ್ದೂ ಸಹಜವೇ. ಇಲ್ಲಿಯ ಜನರು ದೊಡ್ಡಾಟ, ಸಣ್ಣಾಟ, ರಾಧಾನಾಟ, ಪಾರಿಜಾತ ಎಂದು ಬೇರೆ ಬೇರೆ ಹೆಸರುಗಳನ್ನು ಹೇಳಿದರೂ ಒಟ್ಟಿನಲ್ಲಿ ಎಲ್ಲಕ್ಕೂ ‘ಆಟ’ವೆಂದೇ ಕರೆಯುವರು. ಈ ಒಂದು ಶಬ್ದದಲ್ಲಿ ಮಕ್ಕಳ ಆಟವೂ ದೇವರ ಆಟವೂ ಸೇರಿಹೋಗಿವೆ.

ದೊಡ್ಡಾಟವು ಒಕ್ಕಲಿಗರು, ಕುರುಬರು, ಬಡಿಗೇರರು, ಕಂಬಾರರು ಮೊದಲಾದ ಊರ ಜನರೇ ಕೂಡಿ ಆಡುವಂಥದು. ಇದರಿಂದ ಹೊಟ್ಟೆ ಹೊರೆಯುವವರಿಲ್ಲ. ಬದಲಾಗಿ ವೇಷಭೂಷಣದ ಬಾಡಿಗೆ, ಮಾಸ್ತರನ ಗೌರವಧನ, ಅಟ್ಟ ಕಟ್ಟುವ ವೆಚ್ಚ ಇವೆಲ್ಲಕ್ಕೆ ಪಾತ್ರ ವಹಿಸಿದವರೇ ಕೈಯಿಂದ ಹಣ ಹಾಕುವುದು ವಾಡಿಕೆ. ಪಾತ್ರ ಹಂಚುವ ದಿನ ನಡೆಯುವ ಜಗಳವು ಹೊಲದ ಬದುವಿನ ಜಗಳಕ್ಕಿಂತ ಕಡಿಮೆಯಾದುದಲ್ಲ. ಭೀಮನಾಗಬೇಕೆಂಬವರು ನಾಲ್ವರಿರುವರು, ಉತ್ತರಕುಮಾರನಾಗಲು ಒಬ್ಬನೂ ಒಪ್ಪನು. ಒಮ್ಮೆ ಪಾತ್ರ ಗೊತ್ತಾಯಿತೆಂದರೆ ಅದು ವರ್ಷದಿಂದ ವರ್ಷಕ್ಕೆ ಅವನದೇ. ಊರವರು ಅವನ ಮನೆತನದ ಹೆಸರನ್ನು ಬಿಟ್ಟು ಆ ಪಾತ್ರದ ಹೆಸರಿನಿಂದಲೇ ಕೂಗತೊಡಗುವರು. ಹಗಲು ಸಾಲಗಾರನ ಎದುರಿಗೆ ಕೈಕಟ್ಟಿ ನಿಂತವನು ರಾತ್ರಿ ಕಿರೀಟ ಭುಜಕೀರ್ತಿಗಳನ್ನು ಧರಿಸಿ, ಅಟ್ಟವು ನಡುಗುವಂತೆ ಹೆಜ್ಜೆ ಹಾಕಿ, ತಾನು ಹಸ್ತಿನಾವತಿಯ ಅರಸನೆಂದು ಹೇಳುವಾಗ ಆ ಸಾಲಗಾರನೂ ಕೆಳಗೆ ಕಂಬಳಿಯ ಮೇಲೆ ಕುಳಿತು ಕೇಳುತ್ತಿರುವನು. ಅವನನ್ನು ಹಾಗೆ ಹೇಳುವಂತೆ ಮಾಡುವವನು ಸಾರಥಿ. ಬಂದ ಅರಸನ ಹೆಸರು, ಕುಲ, ಊರು, ಬಂದ ಕಾರ್ಯ ಎಲ್ಲವನ್ನೂ ಅವನು ಏನೂ ತಿಳಿಯದವನ ಹಾಗೆ ಕೇಳುವನು. ನಡುವೆ ಒಂದು ಕೊಂಕುಮಾತನ್ನೂ ಸೇರಿಸುವನು. ಸಂಸ್ಕೃತ ನಾಟಕದ ಸೂತ್ರಧಾರ ವಿದೂಷಕರಿಬ್ಬರ ಕೆಲಸವನ್ನೂ ಈ ಒಬ್ಬನೇ ನಿರ್ವಹಿಸುತ್ತಾನೆನ್ನಬೇಕು.

ಗೋಕಾವಿಯ ಅರಿವೆಯ ಗಿರಣಿಗೆ ಸೇರಿದವನು, ಕೊಲ್ಲಾಪುರಕ್ಕೆ ದುಡಿಯಲು ಹೋದವನು, ದಂಡಿಗೆ ಸೇರಿದವನು, ಹೀಗೆ ಊರು ಬಿಟ್ಟವರು ಅನೇಕರು. ಜಾತ್ರೆಯ ಹೊತ್ತಿಗೆ ರಜೆ ದೊರೆಯದಿದ್ದರೆ ಅವರಿಗಾಗುವ ಸಂಕಟವು ದೇವರ ದರ್ಶನ ತಪ್ಪಿದ್ದಕ್ಕಿಂತಲೂ ಪಾತ್ರ ತಪ್ಪಿದ್ದಕ್ಕೆ ಹೆಚ್ಚು. ಒಂದು ವರ್ಷ ತಪ್ಪಿಸಿಕೊಂಡವನು ಮರುವರ್ಷ ಬಂದು ನೋಡಿದರೆ ತನ್ನ ಪಾತ್ರವು ಬೇರೊಬ್ಬ ಹುಡುಗನ ಕೈಸೇರಿರುವುದು. ಆಗ ಮಾಸ್ತರನು ನಡುವೆ ಬಿದ್ದು, ಪೂರ್ವಾರ್ಧ ಒಬ್ಬನಿಗೆ, ಉತ್ತರಾರ್ಧ ಇನ್ನೊಬ್ಬನಿಗೆ ಎಂದು ಪಾಲು ಮಾಡುವುದುಂಟು. ಒಂದೇ ರಾತ್ರಿ ಒಬ್ಬ ಅರ್ಜುನನು ಹೋಗಿ ಇನ್ನೊಬ್ಬ ಅರ್ಜುನನು ಬಂದರೂ ನೋಡುವವರಲ್ಲಿ ಯಾರೂ ಅದನ್ನು ಅಸಂಬದ್ಧವೆಂದು ತಿಳಿಯರು.

ಇನ್ನು ಪಾರಿಜಾತದ ಮಾತು. ಗೋಕಾವಿಯ ಸೀಮೆಗೆ ಇದು ಮನೆಯ ಮಗಳಿದ್ದಂತೆ. ಈ ಆಟದ ಮೂಲ ಕೃತಿಯನ್ನು ಅಪರಾಳ ತಮ್ಮಣ್ಣನು ರಚಿಸಿದನೆಂದೂ, ಅದನ್ನು ತಿದ್ದಿ ಬೆಳೆಯಿಸಿ ರಂಗಕ್ಕೆ ತಂದವನು ಈಗಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನೆಂದೂ ಪ್ರಸಿದ್ಧಿಯಿರುವುದು. ಕುಲಗೋಡ ತಮ್ಮಣ್ಣನು ಹತ್ತೊಂಬತ್ತನೆಯ ಶತಮಾನದವನು. ವಿಜಯನಗರದ ಕೃಷ್ಣದೇವರಾಯನ ಆಸ್ಥಾನದಲ್ಲಿ ತೆಲುಗಿನ ಪಾರಿಜಾತಾಪಹರಣಮುವನ್ನು ಬರೆದವನ ಹೆಸರು ನಂದಿ ತಿಮ್ಮನ. ಪಾರಿಜಾತದ ಹೂವು ಈ ಹೆಸರಿನವರನ್ನೇ ಏಕೆ ಹುಡುಕಿಕೊಂಡು ಹೋಯಿತೆಂಬುದಕ್ಕೆ ಉತ್ತರವಿಲ್ಲ; ವಿನೋದಕ್ಕಾಗಿ ಹೇಳಿದ ಮಾತಿದು.

ಕಥೆಯು ಹರಿವಂಶದ ಕಾಲದಿಂದ ಎಲ್ಲರಿಗೂ ಗೊತ್ತಿರುವಂಥದೇ. ನಾರದನು ಸ್ವರ್ಗದಿಂದ ಒಂದು ಪಾರಿಜಾತ ಪುಷ್ಪವನ್ನು ತಂದು ಕೃಷ್ಣನಿಗೆ ಕೊಡುವನು. ಕೃಷ್ಣನು ಅದನ್ನು ರುಕ್ಮಿಣಿಗೆ ಕೊಡುವನು. ಸುದ್ದಿಯು ಸತ್ಯಭಾಮೆಗೆ ಮುಟ್ಟುವುದು. ಅಲ್ಲಿಂದ ಮುಂದೆ ಬೆಳಗಾಗುವವರೆಗೆ ನಡೆಯುವುದು ಒಂದು ಮನೆಯ ಒಳಗಿನ ವ್ಯಾಜ್ಯ. ಪುರಾಣದಲ್ಲಿ ಇಂದ್ರನೊಡನೆ ನಡೆಯುವ ಯುದ್ಧವು ದೊಡ್ಡದು, ಭಾಮೆಯ ಮುನಿಸು ಅದಕ್ಕೆ ನೆಪ. ಆಟದಲ್ಲಿ ಮುನಿಸೇ ಎಲ್ಲವೂ, ಯುದ್ಧವನ್ನು ಯಾರೂ ಕೇಳುವುದಿಲ್ಲ. ಹಾಡುಗಳು ಗೊತ್ತಾದವು, ಒಂದಕ್ಷರವನ್ನೂ ಬದಲಿಸುವಂತಿಲ್ಲ. ಬದಲಿಸಿದರೆ ಕೆಳಗೆ ಕುಳಿತ ಮುದುಕನೊಬ್ಬನು ಅಲ್ಲಿಂದಲೇ ತಿದ್ದುವನು. ಆದರೆ ಹಾಡಿಗೂ ಹಾಡಿಗೂ ನಡುವಿನ ಮಾತು ನಟರ ಸ್ವಂತದ್ದು. ಕೃಷ್ಣನು ಹದಿನಾರು ಸಾವಿರ ಹೆಂಡಿರ ಗಂಡನಾದರೂ ಭಾಮೆಯ ಬಾಗಿಲಲ್ಲಿ ನಿಂತು ಬೇಡಿಕೊಳ್ಳುವಾಗ ಗೋಕಾವಿಯ ಒಕ್ಕಲಿಗನ ಮಾತಿನಲ್ಲಿಯೇ ಬೇಡಬೇಕು. ಭಾಮೆಯು ಉತ್ತರ ಕೊಡುವಾಗ ಈ ವರ್ಷದ ಮಳೆ, ಬೆಲ್ಲದ ಧಾರಣೆ, ನೆರೆಮನೆಯ ಸವತಿಯ ಸಂಗತಿ ಎಲ್ಲವೂ ನುಸುಳಿ ಬರುವುದು. ಹೀಗೆ ಒಂದೇ ಆಟವು ನೂರು ಸಾರಿ ಆಡಿದರೂ ಅದೇ ಆಗಿಯೂ ಇರುವುದು, ಬೇರೆಯಾಗಿಯೂ ಇರುವುದು. ಹಾಲು ಮೊಸರಿನ ಗೊಲ್ಲತಿಯೂ ಕಣಿ ಹೇಳುವ ಕೊರವಂಜಿಯೂ ಬರುವ ಹೊತ್ತನ್ನು ಹೆಂಗಸರು ಮೊದಲೇ ಬಲ್ಲರು. ಮಲಗಿದ ಮಕ್ಕಳನ್ನು ಅಷ್ಟರೊಳಗೆ ಎಬ್ಬಿಸಿ ಕೂಡ್ರಿಸುವರು.

ಮುಂದೇನಾಗುವುದೆಂಬ ಕುತೂಹಲದಿಂದ ಪಾರಿಜಾತಕ್ಕೆ ಹೋಗುವವನು ಈ ಸೀಮೆಯಲ್ಲಿ ಒಬ್ಬನೂ ಇಲ್ಲ. ಮುಂದೇನಾಗುವುದೆಂಬುದು ಗೊತ್ತಿರುವ ಕಾರಣದಿಂದಲೇ ಅವರು ಹೋಗುವರು. ನಗರದ ಓದುಗನಿಗೆ ಇದು ಸೋಜಿಗವಾಗಬಹುದು. ಕಾದಂಬರಿಯ ಕೊನೆಯ ಪುಟವನ್ನು ಯಾರಾದರೂ ಹೇಳಿಬಿಟ್ಟರೆ ಅವನಿಗೆ ಸಿಟ್ಟು ಬರುವುದು. ಇಲ್ಲಿಯವರು ಕೊನೆಯ ಪುಟದ ಸಲುವಾಗಿ ಹತ್ತು ಮೈಲು ಚಕ್ಕಡಿ ಕಟ್ಟಿಕೊಂಡು ಬಂದವರು. ಪತಂಜಲಿಯ ಕಾಲದಲ್ಲಿ ಕಂಸನ ಸಾವನ್ನು ನೋಡಲು ಅವಸರದಿಂದ ಹೊರಟವನು ಇವರ ಪೂರ್ವಜನೇ ಸರಿ.

ಸಣ್ಣಾಟಗಳಲ್ಲಿ ‘ಸಂಗ್ಯಾ ಬಾಳ್ಯಾ’ದ ಸಂಗತಿ ಬೇರೆ. ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಒಂದು ಕೊಲೆಯನ್ನು ಪತ್ತಾರ ಮಾಸ್ತರನು ಆಟಕ್ಕೆ ಅಳವಡಿಸಿದನು. ಪರಸ್ತ್ರೀಯನ್ನು ಬಯಸಿದ ಸಂಗ್ಯಾ, ಗೆಳೆಯನಿಗೆ ನೆರವಾಗಿ ಕೊನೆಗೆ ಎರಡು ಬಗೆದ ಬಾಳ್ಯಾ, ಇವರ ಹೆಸರುಗಳು ಪುರಾಣದವಲ್ಲ. ಆದರೂ ಸಂಗ್ಯಾನು ಪ್ರತಿ ವರ್ಷವೂ ಕಂಸನಂತೆಯೇ ಸಾಯತೊಡಗಿದನು.

ಪತಂಜಲಿಯ ಎರಡನೆಯ ಬಗೆಯಾದ ಚಿತ್ರದ ಆಟಕ್ಕೆ ಬರುವಾ. ಈ ಸೀಮೆಯಲ್ಲಿ ಚಿತ್ರಗಳನ್ನು ಆಡಿಸುವವರು ಕಿಳ್ಳೇಕ್ಯಾತರು. ಸಿಳ್ಳೇಕ್ಯಾತರೆಂದೂ, ಉತ್ತರದ ಜಿಲ್ಲೆಗಳಲ್ಲಿ ಕಟಬರೆಂದೂ ಇವರನ್ನು ಕರೆಯುವರು. ಮನೆಯಲ್ಲಿ ಮರಾಠಿಯ ಒಂದು ಒಳನುಡಿಯನ್ನಾಡುವರು, ಆಟವನ್ನು ಕನ್ನಡದಲ್ಲಿ ಆಡುವರು. ಹೊಳೆ ಕೆರೆಗಳಲ್ಲಿ ಮೀನು ಹಿಡಿಯುವುದು ಇವರ ಇನ್ನೊಂದು ಉದ್ಯೋಗ. ಆಡಿನ ಅಥವಾ ಜಿಂಕೆಯ ತೊಗಲನ್ನು ಕೂದಲು ತೆಗೆದು, ಬೆಳಕು ತೂರುವಂತೆ ತೆಳುವಾಗಿ ಹದಮಾಡಿ, ಅದರ ಮೇಲೆ ರಾಮ ಸೀತೆ ರಾವಣರ ರೂಪಗಳನ್ನು ಬರೆದು, ಆಭರಣದ ಜಾಗಗಳಲ್ಲಿ ಸಣ್ಣ ರಂಧ್ರಗಳನ್ನು ಕೊರೆಯುವರು. ಬಿಳಿಯ ಪರದೆಯ ಹಿಂದೆ ದೀಪವಿಟ್ಟಾಗ ಆ ರಂಧ್ರಗಳು ರತ್ನಗಳಂತೆ ಮಿನುಗುವುವು. ಕರ್ನಾಟಕದ ದೊಡ್ಡ ತೊಗಲುಗೊಂಬೆಗಳಲ್ಲಿ ಒಂದು ವಿಶೇಷವುಂಟು: ಒಂದೇ ಗೊಂಬೆಯಲ್ಲಿ ಮರ, ರಥ, ಕುದುರೆ, ಅರಸ, ಪರಿವಾರ ಎಲ್ಲವನ್ನೂ ಸೇರಿಸಿ ಒಂದು ಪೂರ್ಣ ಸನ್ನಿವೇಶವನ್ನೇ ಬರೆದಿರುವರು. ಅದು ಕೈಕಾಲು ಆಡಿಸುವುದಿಲ್ಲ. ಪತಂಜಲಿಯು ಹೇಳಿದ ಹಾಗೆ ಎತ್ತಿದ ಪೆಟ್ಟು ಎತ್ತಿದಂತೆಯೇ ಇರುವುದು. ಹಾಡು ಮತ್ತು ಮಾತು ಅದನ್ನು ನಡೆಯಿಸುವುವು. ಹದಿಮೂರನೆಯ ಶತಮಾನದಲ್ಲಿ ಗುಜರಾತಿನ ಸುಭಟ ಕವಿಯು ತನ್ನ ದೂತಾಂಗದವನ್ನು ಛಾಯಾನಾಟಕವೆಂದು ಕರೆದುಕೊಂಡನು. ಅದು ನೆರಳಿನ ಆಟವೋ ಅಲ್ಲವೋ ಎಂದು ಪಂಡಿತರು ಇನ್ನೂ ಬಡಿದಾಡುತ್ತಿರುವರು. ಅತ್ತ ಕೊಂಕಣದ ಪಿಂಗುಳಿಯ ಠಾಕರರು ಕಾಗದದ ಮೇಲೆ ಬರೆದ ಚಿತ್ರಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಚಿತ್ರಕಥೆ ಹೇಳುವರು. ಬೆಳಗಾವಿಯಿಂದ ಘಟ್ಟವಿಳಿದರೆ ಅದೇನೂ ಬಹು ದೂರವಲ್ಲ.

ಇಷ್ಟೆಲ್ಲ ಗೊಂಬೆಗಳಲ್ಲಿ ಜನರಿಗೆ ಪ್ರಿಯವಾದುದು ರಾಮನದಲ್ಲ, ಹನುಮಂತನದೂ ಅಲ್ಲ. ಕಿಳ್ಳೇಕ್ಯಾತನೆಂಬ ಗೊಂಬೆಯದು. ಆಡಿಸುವ ಜನರಿಗೆ ಬಂದ ಹೆಸರೇ ಈ ಗೊಂಬೆಯಿಂದ. ಕಡುಗಪ್ಪು ಮೈ, ದಪ್ಪ ತುಟಿ, ಗುಂಗುರು ಕೂದಲು, ಮುಂದೆ ಬಂದ ಹೊಟ್ಟೆ. ಚೆಲುವಿನ ಲಕ್ಷಣಗಳಲ್ಲಿ ಒಂದೂ ತನಗೆ ಬೇಡವೆಂದು ಪ್ರತಿಜ್ಞೆ ಮಾಡಿದವನಂತೆ ಇರುವನು. ಅವನ ಹೆಂಡತಿ ಬಂಗಾರಕ್ಕ. ಗಣಪತಿಯ ಸ್ತುತಿಯಾದ ಮೇಲೆ ಇವರಿಬ್ಬರೂ ಬಂದು ಜಗಳವಾಡುವರು, ಕುಣಿಯುವರು, ಮಡಿವಂತರು ಕಿವಿ ಮುಚ್ಚಿಕೊಳ್ಳುವಂಥ ಮಾತನ್ನಾಡುವರು. ಲಂಕೆ ಸುಡುವ ಹೊತ್ತಿನಲ್ಲಿಯೂ ನಡುವೆ ನುಗ್ಗಿ ಊರ ಗೌಡನ ವಿಚಾರವನ್ನೆತ್ತುವರು. ಇವರ ಮಾತಿಗೆ ಗೌಡನೂ ಕೋಪಿಸುವಂತಿಲ್ಲ. ಕೋಪಿಸಿದರೆ ಮರುರಾತ್ರಿ ಅವನ ಕೋಪದ ಮೇಲೆಯೇ ಇನ್ನೊಂದು ಜಗಳ ಹುಟ್ಟುವುದು. ಮನೆಯಲ್ಲಿ ತಂಟೆ ಮಾಡುವ ಹುಡುಗನನ್ನು ತಾಯಂದಿರು ಕಿಳ್ಳೇಕ್ಯಾತನೆಂದು ಬಯ್ಯುವುದು ಇಂದಿಗೂ ಉಂಟು. ಆ ಬೈಗುಳದಲ್ಲಿ ಅರ್ಧಕ್ಕಿಂತ ಹೆಚ್ಚು ಮುದ್ದು.

ಇಂದಿನ ಮಕ್ಕಳು ಅಂಗೈಯಗಲದ ಯಂತ್ರವನ್ನು ಹಿಡಿದುಕೊಂಡು ಬೆಕ್ಕು ಇಲಿಗಳ ಕಾರ್ಟೂನನ್ನು ನೋಡುತ್ತ ಊಟವನ್ನೂ ಮರೆಯುವರೆಂದು ಹಿರಿಯರು ದೂರುವುದುಂಟು. ಅಮೆರಿಕದ ಆ ಟಾಮ್ ಮತ್ತು ಜೆರ್ರಿಯರು ಮೊದಲು ಪರದೆಗೆ ಬಂದದ್ದು 1940ರಲ್ಲಿ. ಅಂದಿನಿಂದ ಬೆಕ್ಕು ಪ್ರತಿ ಸಾರಿಯೂ ಪೆಟ್ಟು ತಿನ್ನುವುದು, ಪ್ರತಿ ಸಾರಿಯೂ ಎದ್ದು ಬರುವುದು. ಮಗುವು ಅದೇ ಚಿತ್ರವನ್ನು ಇಪ್ಪತ್ತನೆಯ ಸಾರಿ ನೋಡಿ ಮೊದಲ ಸಾರಿಗಿಂತ ಹೆಚ್ಚು ನಗುವುದು. ದೂರುವ ಹಿರಿಯರು ತಮ್ಮ ಅಜ್ಜಂದಿರು ಪರದೆಯ ಮುಂದೆ ಬಾಯಿ ತೆರೆದು ಕುಳಿತುದನ್ನು ನೆನೆದರೆ ಒಳಿತು. ಕಿಳ್ಳೇಕ್ಯಾತನೂ ಬಂಗಾರಕ್ಕನಿಂದ ಪೆಟ್ಟು ತಿಂದು ಬಿದ್ದು ಮತ್ತೆ ಏಳುವವನೇ. ಭೇದವಿರುವುದು ಒಂದೇ ಸಂಗತಿಯಲ್ಲಿ: ಬೆಕ್ಕಿಗೆ ನೋಡುವವನ ಊರು ಗೊತ್ತಿಲ್ಲ, ಕಿಳ್ಳೇಕ್ಯಾತನಿಗೆ ಅವನ ಊರು, ಅವನ ಮಾವನ ಊರು, ಅವನು ಕೊಡಬೇಕಾದ ಬಾಕಿ ಎಲ್ಲವೂ ಗೊತ್ತು.

ಮಳೆ ಹೋದ ವರ್ಷ ಈ ಆಟವನ್ನು ಆಡಿಸಿದರೆ ಮಳೆಯಾಗುವುದೆಂದು ಜನರು ನಂಬಿದ್ದರು. ಹಲವು ಊರುಗಳಲ್ಲಿ ಕಿಳ್ಳೇಕ್ಯಾತರನ್ನು ಕರೆಯಿಸುತ್ತಿದ್ದುದು ಆ ಉದ್ದೇಶದಿಂದಲೇ. ಸವೆದು ಹರಿದ ಗೊಂಬೆಯನ್ನು ಅವರು ಕಸದಲ್ಲಿ ಎಸೆಯುವುದಿಲ್ಲ. ಸತ್ತವರಿಗೆ ಮಾಡುವಂತೆ ಮರ್ಯಾದೆ ಮಾಡಿ ಹೊಳೆಗೆ ಬಿಡುವರು. ಘಟ್ಟದ ಮೇಲಿನ ಎಷ್ಟೋ ಒಳ್ಳೆಯ ಚಿತ್ರಗಾರರ ಕೆಲಸವು ಹೀಗೆ ನೀರಿನಲ್ಲಿ ಹೋಯಿತು. ಉಳಿದುದರಲ್ಲಿ ಬಹುಭಾಗವು ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಸೇರಿರುವುದು. ಅಲ್ಲಿ ಕಿಳ್ಳೇಕ್ಯಾತನು ಬಾಯಿಲ್ಲದವನಾಗಿ ನಿಂತಿದ್ದಾನೆ.

ಅಣಕಿಸುವವರಿಗೆ ಲೋಕವು ಕೊಟ್ಟ ಪ್ರತಿಫಲವೇನೆಂಬುದನ್ನು ಭರತಮುನಿಯು ನಾಟ್ಯಶಾಸ್ತ್ರದ ಕೊನೆಯಲ್ಲಿ ಹೇಳಿರುವನು. ಭರತನ ಮಕ್ಕಳು ನಾಟ್ಯವಿದ್ಯೆಯಲ್ಲಿ ಗರ್ವಿಷ್ಠರಾಗಿ ಋಷಿಗಳನ್ನೇ ವಿಡಂಬಿಸುವ ಪ್ರಹಸನವೊಂದನ್ನು ಆಡಿದರು. ಋಷಿಗಳು ಸಿಟ್ಟಾಗಿ, ಅವರು ತಮ್ಮ ಬ್ರಾಹ್ಮಣ್ಯವನ್ನು ಕಳೆದುಕೊಳ್ಳಲೆಂದೂ ಅವರ ಸಂತತಿಯು ಹೀನವೃತ್ತಿಯದಾಗಲೆಂದೂ ಶಪಿಸಿದರು. ದೇವತೆಗಳು ಬೇಡಿಕೊಂಡ ಮೇಲೆ ವಿದ್ಯೆಯು ಮಾತ್ರ ಉಳಿಯಿತು, ಶಾಪವು ತಪ್ಪಲಿಲ್ಲ. ಮುಂದೆ ನಹುಷ ಮಹಾರಾಜನು ಅವರನ್ನು ಭೂಮಿಗೆ ಕರೆತಂದನು. ಶಾಸ್ತ್ರವನ್ನು ಓದಿದವರು ಇದನ್ನು ಒಂದು ಕಟ್ಟುಕಥೆಯೆಂದು ದಾಟಿಹೋಗುವರು. ಘಟಪ್ರಭೆಯ ಸೀಮೆಯಲ್ಲಿ ಆ ಶಾಪವನ್ನು ನಿಜವಾಗಿ ಹೊತ್ತವರು ಸಣ್ಣಾಟದ ಹೆಣ್ಣುಮಕ್ಕಳು.

ದೊಡ್ಡಾಟದಲ್ಲಿ ಗಂಡಸರೇ ಸ್ತ್ರೀವೇಷವನ್ನು ಹಾಕುತ್ತಿದ್ದರು. ರಾಧಾನಾಟ ಪಾರಿಜಾತಗಳಲ್ಲಿಯೋ ಹೆಣ್ಣುಮಕ್ಕಳೇ ರಂಗಕ್ಕೆ ಬಂದರು. ಕೌಜಲಗಿಯ ನಿಂಗಮ್ಮನ ಹೆಸರು ಪಾರಿಜಾತದೊಡನೆ ಬೇರ್ಪಡಿಸಲಾರದಂತೆ ಸೇರಿಹೋಗಿದೆ. ಆಕೆಯ ಹಾಡನ್ನು ಕೇಳಿದವರು ಬೇರೆಯವರ ಪಾರಿಜಾತವನ್ನು ಅದರೊಡನೆ ತೂಗಿ ನೋಡುವರು. ಹೀಗೆ ಹಾಡಿದವರಲ್ಲಿ ಹಲವರು ದೇವರಿಗೆ ಬಿಟ್ಟ ಮನೆತನಗಳವರು. ರಾತ್ರಿಯಲ್ಲಿ ಸತ್ಯಭಾಮೆಗೆ ಹೆಸರು ಹೇಳಿ ಆಯೇರ ಮಾಡಿದ ಮನುಷ್ಯನೇ ಹಗಲಲ್ಲಿ ಅವಳನ್ನು ಹೊಸ್ತಿಲೊಳಗೆ ಕರೆಯುತ್ತಿರಲಿಲ್ಲ. ಮುಂಬಯಿ ಸರಕಾರದ 1934ರ ಕಾಯಿದೆಯೂ, ಕರ್ನಾಟಕದ 1982ರ ಕಾಯಿದೆಯೂ ದೇವರಿಗೆ ಬಿಡುವ ಪದ್ಧತಿಯನ್ನು ನಿಷೇಧಿಸಿದುವು. ಅದು ಆಗಲೇಬೇಕಾಗಿದ್ದ ಕಾರ್ಯ. ಕಲೆಯ ಹೆಸರಿನಲ್ಲಿ ಆ ಪದ್ಧತಿಗಾಗಿ ಮರುಗುವವರು ತಮ್ಮ ಮನೆಯ ಮಗಳನ್ನು ಮೊದಲು ನೆನೆಯತಕ್ಕದ್ದು. ಆದರೆ ಈ ಹೆಣ್ಣುಮಕ್ಕಳ ಕಂಠದಲ್ಲಿದ್ದ ಹಾಡುಗಳನ್ನು, ಅವರ ಬಾಳಿನ ಅವಮಾನದಿಂದ ಬೇರ್ಪಡಿಸಿ ಗೌರವದೊಡನೆ ಮುಂದಿನವರಿಗೆ ಕೊಡುವ ಕೆಲಸವನ್ನು ಕಾಯಿದೆಯು ಮಾಡಲಾರದು. ಅದನ್ನು ಮಾಡಬೇಕಾದವರು ಆ ಹಾಡನ್ನು ಕೇಳಿ ಸುಖಪಟ್ಟ ಜನರು. 

ಆಟಗಳು ಇಳಿಮುಖವಾದುದಕ್ಕೆ ಕಾರಣಗಳನ್ನು ಬಹಳ ಹುಡುಕಬೇಕಾಗಿಲ್ಲ. ಮೊದಲು ಕೊಣ್ಣೂರು ಮೊದಲಾದ ಊರುಗಳ ನಾಟಕ ಕಂಪನಿಗಳು ಬಂದುವು, ಬಣ್ಣದ ಪರದೆಗಳು ಬಂದುವು. ಆಮೇಲೆ ಸಿನೆಮಾ, ಕೊನೆಗೆ ಮನೆಯೊಳಗಿನ ದೂರದರ್ಶನ. ಆದರೆ ನೋಡುವವರು ಕಡಿಮೆಯಾದುದಕ್ಕಿಂತ ತಾಲೀಮಿಗೆ ಬರುವವರು ಕಡಿಮೆಯಾದುದೇ ದೊಡ್ಡ ಹಾನಿ. ಗಿರಣಿಯ ರಾತ್ರಿಯ ಪಾಳಿ, ಕಾಲುವೆಯ ನೀರು ಬಂದ ಮೇಲೆ ವರ್ಷಕ್ಕೆ ಎರಡು ಮೂರು ಬೆಳೆಗಳ ಗದ್ದಲ, ಕಬ್ಬಿನ ಹಂಗಾಮು, ಇವುಗಳ ನಡುವೆ ಎರಡು ತಿಂಗಳ ಬಿಡುವು ಯಾರಿಗಿದೆ? ಆಟ ನೋಡಲು ಒಂದು ರಾತ್ರಿ ಸಾಕು. ಆಟ ಕಲಿಯಲು ಅರವತ್ತು ರಾತ್ರಿ ಬೇಕು.

ಇಂಥ ಕಾಲದಲ್ಲಿ ಘೋಡಗೇರಿಯಿಂದಲೇ ಒಬ್ಬರು ಹೊರಗೆ ಹೋಗಿ ಆಟಕ್ಕೆ ಮರಳಿದ ಸಂಗತಿಯು ನಡೆಯಿತು. ಚಂದ್ರಶೇಖರ ಕಂಬಾರರು 1937ರ ಜನವರಿ 2ರಂದು ಆ ಊರಲ್ಲಿ, ಕಬ್ಬಿಣ ಕಾಯಿಸುವ ಮನೆತನದಲ್ಲಿ ಹುಟ್ಟಿದರು. ಬಡತನದ ಮೂಲಕ ಓದು ನಿಲ್ಲುವ ಹೊತ್ತಿನಲ್ಲಿ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಶಾಲೆಯ ವೆಚ್ಚವನ್ನು ವಹಿಸಿಕೊಂಡರು. ಗೋಕಾವಿ, ಬೆಳಗಾವಿ, ಧಾರವಾಡಗಳಲ್ಲಿ ಓದಿದ ಅವರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ವಿಷಯವಾಗಿಟ್ಟುಕೊಂಡು ಡಾಕ್ಟರ್ ಪದವಿಯ ಪ್ರಬಂಧವನ್ನು ಬರೆದರು. ಚಿಕಾಗೋದಲ್ಲಿ ಕೆಲಕಾಲ ಪಾಠ ಹೇಳಿ, ಬೆಂಗಳೂರಿನಲ್ಲಿ ಅಧ್ಯಾಪಕರಾದರು. 1969ರಲ್ಲಿ ‘ನಾರ್ಸಿಸಸ್’ ಎಂಬ ಗ್ರೀಕ್ ಹೆಸರಿನ ನಾಟಕವನ್ನು ಬರೆದ ಲೇಖನಿಯೇ 1972ರಲ್ಲಿ ‘ಜೋಕುಮಾರಸ್ವಾಮಿ’ಯನ್ನು ಬರೆಯಿತು. ಅದಕ್ಕೂ ಮುಂಚೆ, 1964ರ ‘ಹೇಳತೇನ ಕೇಳ’ ಎಂಬ ದೀರ್ಘ ಲಾವಣಿಯಲ್ಲಿ ಅವರು ಊರ ಮಾತಿಗೆ ಮರಳಿಯೇ ಇದ್ದರು. ‘ಜೋಕುಮಾರಸ್ವಾಮಿ’ಯಲ್ಲಿ ಸೂತ್ರಧಾರನೂ ಮೇಳವೂ ಬಯಲಾಟದಿಂದ ಎದ್ದು ಬಂದವರು, ಷಂಢನಾದ ಗೌಡ, ಮಗುವನ್ನು ಬಯಸುವ ಗೌಡತಿ, ಉಳುವ ಹೊಲವನ್ನು ತನ್ನದೆನ್ನುವ ಬಸಣ್ಣ ಇವರ ಕಥೆಯು ಮಾತ್ರ ಹೊಸದು. ಬಿ. ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಬಯಲಿನಲ್ಲಿಯೇ ಆಡಿಸಿದರು. ಪಟ್ಟಣದ ಜನರು ಅದಕ್ಕೆ ಮುಗಿಬಿದ್ದರು.

ಮುಂದೆ ಅವರ ಸಂಪಾದಕತ್ವದಲ್ಲಿ 1985ರಲ್ಲಿ ಜಾನಪದ ವಿಶ್ವಕೋಶವು ಹೊರಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಅವರೇ ಮೊದಲ ಕುಲಪತಿಗಳಾದರು. 2010ನೆಯ ವರ್ಷದ ಜ್ಞಾನಪೀಠವೂ ಬಂದಿತು. ಇದೆಲ್ಲ ಘೋಡಗೇರಿಗೆ ಗೌರವದ ಸಂಗತಿಯೇ. ಆದರೂ ಇತಿಹಾಸವನ್ನು ಬರೆಯುವವನು ಎರಡು ಮರಳುವಿಕೆಗಳನ್ನು ಒಂದೇ ಎನ್ನಲಾಗದು. ಬೆಂಗಳೂರಿನ ಜನರು ‘ಜೋಕುಮಾರಸ್ವಾಮಿ’ಯನ್ನು ನೋಡಲು ಹೋದದ್ದು ತಾವು ಹಿಂದೆಂದೂ ಕಾಣದುದನ್ನು ಕಾಣಲಿಕ್ಕೆ. ಘೋಡಗೇರಿಯ ಸೀಮೆಯ ಜನರು ಆಟಕ್ಕೆ ಹೋಗುತ್ತಿದ್ದುದು ತಾವು ನೂರು ಸಾರಿ ಕಂಡುದನ್ನು ಇನ್ನೊಮ್ಮೆ ಕಾಣಲಿಕ್ಕೆ. ಮೊದಲನೆಯದರಿಂದ ಸಾಹಿತ್ಯವು ಬೆಳೆಯಿತು. ಅದರಿಂದ ಎರಡನೆಯದು ತಾನಾಗಿ ಉಳಿಯಬೇಕೆಂದೇನೂ ಇಲ್ಲ. ಮೇಳ ಕಟ್ಟುವವರು, ಹಣ ಹಾಕುವವರು, ಪಾತ್ರಕ್ಕಾಗಿ ಜಗಳವಾಡುವವರು ಇದ್ದಲ್ಲಿ ಅದು ಇದೆ. ಕೆಲವು ಊರುಗಳಲ್ಲಿ ಜಾತ್ರೆಯ ರಾತ್ರಿ ಪಾರಿಜಾತವು ಇಂದಿಗೂ ನಡೆಯುವುದು. ಮೂರು ನಾಲ್ಕು ತಾಸುಗಳಲ್ಲಿ ಮುಗಿಸುವುದೂ ಉಂಟು. ಭಾಮೆಯ ಮುನಿಸು ಇಳಿಯಲು ಅಷ್ಟು ಹೊತ್ತು ಸಾಲದೆಂದು ಹಳಬರ ಮತ.

ಆ ನಾಟಕಕ್ಕೆ ಹೆಸರು ಕೊಟ್ಟ ಜೋಕುಮಾರನು ಮಾತ್ರ ಯಾರ ತಾಲೀಮನ್ನೂ ಕಾಯುವುದಿಲ್ಲ. ಭಾದ್ರಪದದ ಗಣಪತಿಯು ಹೋದ ಬೆನ್ನಿಗೆ ಅವನು ಮಣ್ಣಿನಲ್ಲಿ ಹುಟ್ಟುವನು. ಅಗಲವಾದ ಮುಖಕ್ಕೆ ಬೆಣ್ಣೆ ಮೆತ್ತಿ, ಸುತ್ತಲೂ ಬೇವಿನ ಸೊಪ್ಪು ಸುತ್ತಿ, ಅಂಬಿಗ ಬಾರಕೇರ ಮನೆತನಗಳ ಹೆಂಗಸರು ಅವನನ್ನು ಬುಟ್ಟಿಯಲ್ಲಿ ಹೊತ್ತು ಮನೆಯಿಂದ ಮನೆಗೆ ಹಾಡುತ್ತ ಹೋಗುವರು; ಮನೆಯವರು ಜೋಳ ತಂದು ಹಾಕುವರು. ಗಣಪತಿಯು ಕಡಬು ತಿಂದು ಹೋಗಿ ಭೂಲೋಕದಲ್ಲಿ ಎಲ್ಲವೂ ಸುಭಿಕ್ಷವೆಂದು ತಂದೆಗೆ ಹೇಳುವನಂತೆ. ಇವನು ಬಡವರ ಕೇರಿಗಳನ್ನು ಸುತ್ತಿ, ಬೆಳೆ ಒಣಗುತ್ತಿರುವ ಸಂಗತಿಯನ್ನು ಹೇಳುವನು, ಆಗ ಮಳೆಯಾಗುವುದು. ಏಳನೆಯ ದಿನ, ಹುಣ್ಣಿಮೆಯ ರಾತ್ರಿ, ಅವನನ್ನು ಕೊಂದು ಅಗಸರ ಬಂಡೆಯ ಹತ್ತಿರ ಹಾಕಿ ಬರುವರು. ಕೆಲವು ದಿನ ಅಲ್ಲಿ ಯಾರೂ ಅರಿವೆ ಒಗೆಯುವುದಿಲ್ಲ. ಬುಟ್ಟಿ ಹೊತ್ತವರು ಮುದುಕಿಯರು, ಜೊತೆಗೆ ಹೋಗುವವರು ಹುಡುಗಿಯರು. ಮನೆಯ ಬಾಗಿಲಲ್ಲಿ ನಿಂತ ಮಗುವು ಜೋಕುಮಾರನಿಗೆ ಏನಾಗುವುದೆಂದು ಕೇಳಿದರೆ, ಅವನು ಸಾಯುತ್ತಾನೆಂದು ತಾಯಿಯು ಹೇಳುವಳು, ಮೊರದಲ್ಲಿಯ ಜೋಳವನ್ನು ಬುಟ್ಟಿಗೆ ಸುರಿಯುತ್ತ.